ಕಾಕಾನ ಮೂರನೇ ಗೇರು ಹುಡುಕುತ್ತ ಜಪಾನಿಗೆ

ಜನವಾಡ

ನಮ್ಮ ಕಡೆ ದುಬೈ, ಸೌದಿಗೆ ಹೋಗಿ ಬಂದವರು ಓಣಿಗೊಬ್ಬರು ಸಿಗುತ್ತಾರೆ. ಜಪಾನಿಗೆ ಹೋದವರು ಅಪರೂಪ. ಹೀಗಾಗಿ ನಾನು ಹೊರಟ ಸುದ್ದಿ ಭಾಲ್ಕಿಯಲ್ಲಿ ಹಬ್ಬಿದ ಮೇಲೆ ನನ್ನ ದವಾಖಾನೆಗೆ ಬರುವವರೆಲ್ಲ ಬಾಯಿ ತೆರೆದು ಹಲ್ಲು ತೋರಿಸುವ ಮುಂಚೆ ಒಂದೇ ಪ್ರಶ್ನೆ ಕೇಳತೊಡಗಿದರು: "ಯಾಕ್ರಿ ಡಾಕ್ಟರಬಾಯಿ, ಏನರ ಟ್ರೇನಿಂಗ್ ಅದ ಏನ್ರಿ?"

ನಾನು ಹಲ್ಲಿನ ಡಾಕ್ಟರು. ಟ್ರೇನಿಂಗ್ ಎಂದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಸುಳ್ಳು ಹೇಳಿ ಅದನ್ನು ನೆನಪಿಟ್ಟುಕೊಳ್ಳುವ ತಾಳ್ಮೆ ನನಗಿಲ್ಲ. "ಇಲ್ರಿ, ಕಾರಿಂದು ಹಳೇ ಸಾಮಾನ ತರ್ಲಿಕ್ಕ ಹೊಂಟೀನಿ" ಎಂದೆ. ಮೆಹಕರದಿಂದ ದವಡೆ ನೋವಿಗೆ ಬಂದಿದ್ದ ಅಜ್ಜಿಯೊಬ್ಬಳು ನನ್ನನ್ನು ಕನಿಕರದಿಂದ ನೋಡಿ, "ಹೈದರಾಬಾದಿನಾಗ ಸಿಗಲಿಲ್ಲೇನವ್ವ?" ಎಂದು ಕೇಳಿದಳು.

ಸಿಗಲಿಲ್ಲ. ಪುಣೆಯಲ್ಲೂ ಸಿಗಲಿಲ್ಲ. ಕಾರು ನಮ್ಮ ಮಾಣಿಕರಾವ ಕಾಕಾನದು. ಕಾಕಾ ಅಂದರೆ ನಮ್ಮ ಅಪ್ಪನ ತಮ್ಮ. ಜನವಾಡದಲ್ಲಿ ಹೊಲ, ಕುರಿ ನೋಡಿಕೊಂಡಿರುವ ಮನುಷ್ಯ. ಆದರೆ ಹರೆಯದಲ್ಲಿ ಆತ ಕಾರಿನ ರ್‍ಯಾಲಿಗಳಲ್ಲಿ ಓಡಿಸುತ್ತಿದ್ದ ಎಂದು ಊರಿನ ಹುಡುಗರಿಗೆ ಹೇಳಿದರೂ ನಂಬುವುದಿಲ್ಲ. ಕಾರು ಜಪಾನಿನ ಕಂಪನಿಯದು. ಹೆಸರು ಹೇಳಿದರೆ ಅವರೇನು ನನಗೆ ಕಮಿಷನ್ ಕೊಡುವುದಿಲ್ಲ, ಆದ್ದರಿಂದ ಹೇಳುವುದಿಲ್ಲ. ಇಲ್ಲೇ ಜೋಡಿಸಿದ ಕಾರೇ, ಆದರೆ ಅದರ ಹೊಟ್ಟೆಯೊಳಗಿನ ಗೇರುಪೆಟ್ಟಿಗೆ ಇಲ್ಲಿನದಲ್ಲ. ಜಪಾನಿನಲ್ಲಿ ವೇಗದ ಕಾರುಗಳಿಗೆ ಹಾಕುತ್ತಿದ್ದ ಪೆಟ್ಟಿಗೆಯೊಂದು ಯಾವುದೋ ಕಂಟೇನರಿನಲ್ಲಿ ಮುಂಬಯಿಗೆ ಬಂದು, ಪುಣೆಯ ಮೇಸ್ತ್ರಿಯ ಕೈ ಸೇರಿ, ಕಾಕಾನ ಕಾರಿನಲ್ಲಿ ಕೂತಿತ್ತು. ಗೇರುಗಳು ಒಂದಕ್ಕೊಂದು ಹತ್ತಿರ, ಇಂಜಿನ್ ಸುಸ್ತಾಗಲು ಬಿಡುತ್ತಿರಲಿಲ್ಲ.

ರ್‍ಯಾಲಿಯಲ್ಲಿ ಒಬ್ಬರು ಓಡಿಸುತ್ತಾರೆ, ಪಕ್ಕದಲ್ಲಿ ಕೂತವರು ಮುಂದಿನ ದಾರಿ ಓದುತ್ತಾರೆ. ಎಡಕ್ಕೆ ತಿರುವು, ಬಲಕ್ಕೆ ತಗ್ಗು, ಮುಂದೆ ಕಲ್ಲು, ಎರಡನೇ ಗೇರು. ಕಾಲೇಜಿನ ರಜೆಯಲ್ಲಿ ಕಾಕಾನಿಗೆ ದಾರಿ ಓದುತ್ತಿದ್ದವಳು ನಾನು. ಔರಾದ ದಾಟಿ ಡಾಬಕಾದವರೆಗೆ ಅಭ್ಯಾಸಕ್ಕೆ ಹೋಗಿ ಮುಖಕ್ಕೆ ಕೆಂಪು ಧೂಳು ಮೆತ್ತಿಕೊಂಡು ಬರುತ್ತಿದ್ದೆವು. ನನ್ನ ಅವ್ವ ಕಾಕಾನಿಗೆ ಬೈಯುತ್ತಿದ್ದಳು, ನನಗೆ ಲಗ್ನವಾಗುವುದಿಲ್ಲವೆಂದು. ಆಯಿತು. ಅವಳ ಅಳಿಯನಿಗೆ ಕಾರಿನಲ್ಲಿ ಕೂತರೆ ವಾಂತಿಯಾಗುತ್ತದೆ, ಆ ಮಾತು ಬೇರೆ.

ಆಮೇಲೆ ಬಹಳ ವರ್ಷ ಕಾರು ಕುರಿದೊಡ್ಡಿಯ ಪಕ್ಕದ ಶೆಡ್ಡಿನಲ್ಲಿ ತಾಡಪತ್ರಿ ಹೊದ್ದು ನಿಂತಿತ್ತು. ವಾರಕ್ಕೊಮ್ಮೆ ಕಾಕಾ ಅದನ್ನು ಹೊರತೆಗೆದು ಒಂದಿಷ್ಟು ಓಡಿಸುತ್ತಿದ್ದ. ಹೀಗೇ ಒಂದು ದಿನ ಮೂರನೇ ಗೇರಿನ ಚಕ್ರದ ಕೆಲವು ಹಲ್ಲುಗಳು ಉದುರಿದವು. ಬೀದರಿನ ಮಹೆಬೂಬ ಭಾಯಿ ಪೆಟ್ಟಿಗೆ ಬಿಚ್ಚಿ ಟೇಬಲ್ಲಿನ ಮೇಲೆ ಹರಡಿ, "ಉಳಿದದ್ದೆಲ್ಲ ಛಲೋ ಅದ ರಾವಸಾಬ್. ಇದೊಂದು ಸಿಕ್ರ ಗಾಡಿ ಖಡಕ್ ಆಗ್ತದ" ಎಂದರು.

ಅದೇ ಹೊತ್ತಿಗೆ ಇನ್ನೊಂದು ಕೆಟ್ಟ ಸುದ್ದಿ ಬಂತು. ಕಾಕಾನ ಕಣ್ಣಿನ ನರ ಒಣಗುತ್ತಿದೆ, ಹೋದ ನೋಟ ತಿರುಗಿ ಬರುವುದಿಲ್ಲ, ಹಗಲಿನಲ್ಲಿ ಗೊತ್ತಿದ್ದ ರಸ್ತೆಯಲ್ಲಿ ಇನ್ನು ಕೆಲವು ತಿಂಗಳು ಓಡಿಸಬಹುದು, ಅಷ್ಟೇ ಎಂದರು ಕಣ್ಣಿನ ಡಾಕ್ಟರು. ಕಾಕಾ ಗೋಳಾಡುವ ಪೈಕಿ ಅಲ್ಲ. ನನ್ನನ್ನು ಕರೆದು ಮುರಿದ ಚಕ್ರವನ್ನು ಕೈಯಲ್ಲಿಟ್ಟು ಹೇಳಿದ: "ಮಂಗಲಾ, ಇದು ಸಿಕ್ರ ಬೀದರಿನಿಂದ ಔರಾದಿನ ತನಕ ಒಮ್ಮಿ ಬಿಡ್ತೇನಿ. ಆಮ್ಯಾಲ ಚಾವಿ ನಿನ್ನ ಕೈಗೆ. ಲಗೂ ನೋಡವ್ವ."

ಮೊದಲು ಫೋಟೋ ನೋಡಿ ಇಂಟರ್ನೆಟ್ಟಿನಲ್ಲಿ ತರಿಸಿದೆ. ಬಂದ ಚಕ್ರಕ್ಕೆ ಒಂದು ಹಲ್ಲು ಹೆಚ್ಚಿತ್ತು. ಎರಡನೆಯ ಸಲ ತರಿಸಿದ್ದು ಬೇರೆ ಕಾರಿನದೇ. ನನಗೆ ಸಿಟ್ಟು ಬೇಗ ಬರುತ್ತದೆ. ಮೂರನೆಯ ಸಲ ಚಕ್ರ ತರಿಸಲಿಲ್ಲ, ಟಿಕೆಟ್ ತರಿಸಿದೆ.

ಹೈದರಾಬಾದಿನ ವಿಮಾನ ನಿಲ್ದಾಣ

ನಮ್ಮ ಬೀದರಿನಲ್ಲಿ ಯಾವ ಅಂಗಡಿಗೆ ಯಾವ ಬಿಡಿಭಾಗ ಕೇಳಲು ಹೋದರೂ ಅಂಗಡಿಯವರು ಮೊದಲು ಕೇಳುವ ಮಾತು, "ಹಳೇದು ತಂದೀರೇನ್ರಿ?" ಕುಕ್ಕರಿನ ರಬ್ಬರಾಗಲಿ, ಮೋಟರಿನ ಬೇರಿಂಗಾಗಲಿ, ನಮೂನೆ ಇಲ್ಲದೆ ಹೋದವರನ್ನು ಮನೆಗೆ ಅಟ್ಟುತ್ತಾರೆ. ಹಳೆಯದನ್ನು ಹೊಸದರ ಪಕ್ಕದಲ್ಲಿಟ್ಟು ಕಣ್ಣಳತೆಯಲ್ಲಿ ನೋಡಿ, "ಹಾಂ, ಇದೇ" ಎಂದ ಮೇಲೆಯೇ ವ್ಯಾಪಾರ. ಹೀಗಿರುವಾಗ ನಮೂನೆ ಇಲ್ಲದೆ ಜಪಾನಿಗೆ ಹೋಗುವುದು ಹೇಗೆ? ಕಾಕಾ ಮುರಿದ ಚಕ್ರಕ್ಕೆ ಎಣ್ಣೆ ಸವರಿ, ತನ್ನ ಹಳೆಯ ಧೋತರದ ತುಂಡಿನಲ್ಲಿ ಸುತ್ತಿ, "ಕೈಯಾಗಿನ ಚೀಲದಾಗೇ ಇಟ್ಕೊ, ಬೇರೆ ಕಡಿ ಬಿಡಬ್ಯಾಡ" ಎಂದು ಕೊಟ್ಟಿದ್ದ. ಕಾಕಾನ ಹೆಂಡತಿ ಶಾಂತಾ ಕಾಕು ಅದರ ಮೇಲೆ ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ ಇಟ್ಟಿದ್ದಳು.

ಮಹೆಬೂಬ ಭಾಯಿ ನನ್ನನ್ನು ವಿಮಾನ ನಿಲ್ದಾಣದ ಬಾಗಿಲಲ್ಲಿ ಇಳಿಸಿ ಹೊರಟುಹೋದರು. ದೊಡ್ಡ ಪೆಟ್ಟಿಗೆಯನ್ನು ಕೌಂಟರಿನಲ್ಲಿ ಕೊಟ್ಟು ತಪಾಸಣೆಗೆ ಹೋದೆ. ಅಲ್ಲಿ ನನ್ನ ಚೀಲ ಯಂತ್ರದೊಳಗೆ ಹೋದದ್ದು ಮುಂದೆ ಬರಲಿಲ್ಲ, ಹಿಂದೆ ಬಂತು. ಮತ್ತೆ ಹೋಯಿತು. ಪರದೆ ನೋಡುತ್ತಿದ್ದ ಹೆಣ್ಣುಮಗಳು ಇನ್ನೊಬ್ಬರನ್ನು ಕರೆದಳು. ರೊಟ್ಟಿ ಹೊರಬಂತು, ಚಟ್ನಿ ಹೊರಬಂತು, ಧೋತರದ ಗಂಟು ಬಿಚ್ಚಿತು. ಮುರಿದ ಹಲ್ಲುಗಳ ಉಕ್ಕಿನ ಚಕ್ರ ನೋಡಿ ಅವರ ಮುಖ ಹೇಗಾಯಿತೆಂದು ಹೇಳಬೇಕಾಗಿಲ್ಲ.

"ಇದು ಏನು?"

"ಕಾರಿನ ಗೇರು."

"ಒಯ್ಯುವುದು ಯಾಕೆ?"

"ಇಂಥದ್ದೇ ಇನ್ನೊಂದು ತರಲಿಕ್ಕೆ."

ತಲೆಗೆ ಹೊಡೆದರೆ ಏಟಾಗುವಂಥ ವಸ್ತುವನ್ನು ಕೈಚೀಲದಲ್ಲಿ ಬಿಡುವುದಿಲ್ಲ ಎಂದರು. ಕೌಂಟರಿಗೆ ವಾಪಸು ಹೋಗಿ ಪೆಟ್ಟಿಗೆಗೆ ಹಾಕೋಣವೆಂದರೆ ಕೌಂಟರು ಮುಚ್ಚಿತ್ತು. ಮಹೆಬೂಬ ಭಾಯಿಗೆ ಫೋನ್ ಮಾಡಿದರೆ ಅವರು ಆಗಲೇ ಬೀದರಿನ ರಸ್ತೆ ಹಿಡಿದಿದ್ದರು. ಕೊನೆಗೆ ಕಾಕಾನ ಚಕ್ರ ಅಲ್ಲಿದ್ದ ಡಬ್ಬಿಯೊಂದಕ್ಕೆ, ಕತ್ತರಿ, ಚಾಕು, ಅತ್ತರಿನ ಬಾಟಲಿಗಳ ನಡುವೆ ಹೋಯಿತು. ನನಗೆ ಅಳುವೇ ಬಂತು. ಧೋತರದ ತುಂಡನ್ನು ಮಾತ್ರ ವಾಪಸು ಕೊಟ್ಟರು.

ಆದರೆ ಹಲ್ಲಿನ ಡಾಕ್ಟರಿಗೆ ಒಂದು ಚಟವಿರುತ್ತದೆ. ಯಾವ ಹಲ್ಲನ್ನೂ ಅಚ್ಚು ತೆಗೆಯದೆ ಬಿಡುವುದಿಲ್ಲ. ಹೊರಡುವ ಎರಡು ದಿನ ಮುಂಚೆ ದವಾಖಾನೆಯಲ್ಲಿ ಆ ಚಕ್ರವನ್ನು ಅಚ್ಚಿನ ಹಿಟ್ಟಿನಲ್ಲಿ ಒತ್ತಿ, ಹಲ್ಲಿನ ಮಾದರಿಗೆ ಬಳಸುವ ಗಟ್ಟಿ ಗಾರೆಯಲ್ಲಿ ಎರಕ ಹೊಯ್ದಿದ್ದೆ. ಹಳದಿ ಬಣ್ಣದ ಆ ಗಾರೆಯ ಚಕ್ರ ದೊಡ್ಡ ಪೆಟ್ಟಿಗೆಯಲ್ಲಿ ನನ್ನ ಸ್ವೆಟರಿನೊಳಗೆ ಮಲಗಿತ್ತು. ಅದು ಒಡೆಯದೆ ತಲುಪಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ.

ನಗೋಯಾ

ಒಡೆದಿರಲಿಲ್ಲ. ನಗೋಯಾದ ಹೋಟೆಲಿನಲ್ಲಿ ಪೆಟ್ಟಿಗೆ ತೆರೆದು ಮೊದಲು ನೋಡಿದ್ದು ಅದನ್ನೇ. ಕೋಣೆ ಎಷ್ಟು ಚಿಕ್ಕದೆಂದರೆ ಪೆಟ್ಟಿಗೆ ತೆರೆಯಬೇಕಾದರೆ ನಾನು ಮಂಚ ಹತ್ತಬೇಕು, ನಾನು ಇಳಿಯಬೇಕಾದರೆ ಪೆಟ್ಟಿಗೆ ಮುಚ್ಚಬೇಕು.

ಮರುದಿನ ವೇಗದ ಕಾರುಗಳ ಬಳಸಿದ ಸಾಮಾನು ಮಾರುವ ದೊಡ್ಡ ಅಂಗಡಿಗೆ ಹೋದೆ. ಒಳಗೆ ಕಾಲಿಟ್ಟರೆ ಬಟ್ಟೆ ಅಂಗಡಿಗೆ ಬಂದಂತಾಯಿತು. ಹಳೆಯ ಸೈಲೆನ್ಸರುಗಳನ್ನು ಒರೆಸಿ ಸಾಲಾಗಿ ನೇತುಹಾಕಿದ್ದಾರೆ. ಸ್ಟೀರಿಂಗುಗಳು ಗೋಡೆಯ ತುಂಬ. ಪ್ರತಿ ಸಾಮಾನಿಗೂ ಒಂದು ಚೀಟಿ, ಅದರಲ್ಲಿ ಎಲ್ಲಿ ಗೀರು ಬಿದ್ದಿದೆ, ಎಲ್ಲಿ ತುಕ್ಕು ಹಿಡಿದಿದೆ ಎಂದು ತಾವೇ ಬರೆದಿದ್ದಾರೆ. ನಮ್ಮ ಕಡೆ ಹಳೆಯ ಸಾಮಾನು ಮಾರುವವರು, "ಒಂದೇ ಕೈ ಓಡಿಸಿದ್ದು, ಡಾಕ್ಟರ ಗಾಡಿ" ಎನ್ನುತ್ತಾರೆ. ನಾನು ಡಾಕ್ಟರು, ನನ್ನ ಗಾಡಿಯನ್ನು ಯಾರೂ ಕೊಳ್ಳಬಾರದು.

ಕೌಂಟರಿನ ಹುಡುಗ ನಮೂನೆಯನ್ನು ಕೇಳಲೇ ಇಲ್ಲ. ಮೊಬೈಲಿನ ಅನುವಾದಕದಲ್ಲಿ ನಮ್ಮ ಮಾತು ನಡೆಯಿತು. ಅವನಿಗೆ ಬೇಕಾಗಿದ್ದದ್ದು ಕಾರಿನ ಚಾಸಿ ನಂಬರು. ಕೊಟ್ಟೆ. ಕಂಪ್ಯೂಟರಿನಲ್ಲಿ ಹಾಕಿದ. ನಮ್ಮ ದೇಶದಲ್ಲಿ ಜೋಡಿಸಿದ ಕಾರು ಅವರ ಪಟ್ಟಿಯಲ್ಲಿ ಇರಲಿಲ್ಲ. ಆಗ ಅವನು ತಲೆ ಒಂದು ಕಡೆ ವಾಲಿಸಿ, ಹಲ್ಲುಗಳ ನಡುವಿನಿಂದ "ಸ್ಸ್ಸ್..." ಎಂದು ಗಾಳಿ ಎಳೆದುಕೊಂಡ.

ನನಗೆ ಕೂಡಲೇ ಅವನ ಕೆಳದವಡೆಯ ಬಗ್ಗೆ ಚಿಂತೆಯಾಯಿತು. ನನ್ನ ದವಾಖಾನೆಯಲ್ಲಿ ತಣ್ಣೀರು ತಾಗಿದವರು ಎಳೆಯುವ ಉಸಿರು ಥೇಟ್ ಅದೇ. ಅವನು ಹಿರಿಯನನ್ನು ಕರೆದ. ಹಿರಿಯ ನಂಬರು ನೋಡಿ, ತಲೆ ವಾಲಿಸಿ, "ಸ್ಸ್ಸ್..." ಎಂದ. ಮೂರನೆಯವನೂ ಅದನ್ನೇ ಮಾಡಿದಾಗ ಅಂಗಡಿಯವರಿಗೆಲ್ಲ ಒಂದೇ ಸಲ ಹಲ್ಲುನೋವು ಬರಲಿಕ್ಕಿಲ್ಲ ಎಂದು ತಿಳಿಯಿತು. ಅದು ಅವರ "ಇಲ್ಲ". ಬಾಯಿ ಬಿಟ್ಟು ಇಲ್ಲ ಎನ್ನಲು ಅವರಿಗೆ ಸಂಕೋಚ. ನಮ್ಮ ಬೀದರಿನಲ್ಲಾದರೆ "ನಹೀ ಹೈ, ಮುಂದ ಹೋಗ್ರಿ" ಎಂದು ಒಂದೇ ಏಟಿಗೆ ಮುಗಿಸುತ್ತಾರೆ. ಯಾವುದು ಒಳ್ಳೆಯದೋ ನನಗೆ ಈಗಲೂ ಗೊತ್ತಿಲ್ಲ.

ನಾನು ಚೀಲದಿಂದ ಗಾರೆಯ ಚಕ್ರ ತೆಗೆದು ಕೌಂಟರಿನ ಮೇಲಿಟ್ಟೆ. ಮೂವರೂ ಗಾಳಿ ಎಳೆಯುವುದನ್ನು ನಿಲ್ಲಿಸಿ ಅದನ್ನೇ ನೋಡಿದರು. ಆಮೇಲೆ ಹಿರಿಯ ಒಂದು ಹಾಳೆಯಲ್ಲಿ ನಕ್ಷೆ ಬರೆದು, ಊರ ಹೊರಗೆ ಕಾರು ಬಿಚ್ಚುವ ಮೊರಿತಾ ಎಂಬವರಿದ್ದಾರೆ, ಅವರಿಗೆ ತೋರಿಸಿ ಎಂದು ಕಳಿಸಿದ.

ಅಂದು ಸಂಜೆ ಊಟದ ಫಜೀತಿಯೂ ಆಯಿತು. ಬರೀ ತರಕಾರಿ ಎಂದು ಹತ್ತು ಸಲ ಹೇಳಿ ತರಿಸಿದ ಕೋಸಿನ ದೋಸೆಯ ಮೇಲೆ ತೆಳ್ಳಗಿನ ಸಿಪ್ಪೆಗಳು ಜೀವವಿದ್ದಂತೆ ಅಲುಗಾಡುತ್ತಿದ್ದವು. ಒಣಮೀನಿನ ಹೆರಕಲು, ಬಿಸಿ ಹವೆಗೆ ಕುಣಿಯುತ್ತದೆ ಎಂದು ಬಡಿಸಿದವರು ನಗುತ್ತ ವಿವರಿಸಿದರು. ಕೋಣೆಗೆ ಬಂದು ಮಂಚದ ಮೇಲೆ ಕೂತು ಕಾಕುವಿನ ರೊಟ್ಟಿ ಮುರಿದೆ.

ಊರಿಗೆ ಫೋನ್ ಮಾಡಿದೆ. ಚಕ್ರ ಹೈದರಾಬಾದಿನಲ್ಲೇ ಉಳಿದದ್ದನ್ನು ಹೇಳಿದಾಗ ಕಾಕಾ ಬೈಯುತ್ತಾನೆಂದುಕೊಂಡಿದ್ದೆ. ಆತ ನಕ್ಕ. "ಹೋಗಲಿ ಬಿಡವ್ವ. ಮುರಿದಿದ್ದ ಇತ್ತು. ನೀ ಅವಸರ ಮಾಡಬ್ಯಾಡ. ಊರ ನೋಡು, ನಿಧಾನಕ್ಕ ಬಾ." ಹೊರಡುವ ಮುಂಚೆ ದಿನಕ್ಕೆರಡು ಸಲ "ಲಗೂ ಲಗೂ" ಎಂದು ಫೋನ್ ಮಾಡುತ್ತಿದ್ದವನು ಹೀಗೆ ಮಾತಾಡಿದ್ದು ವಿಚಿತ್ರವೆನಿಸಿತು. ವಯಸ್ಸಾದಂತೆ ಮೆತ್ತಗಾಗುತ್ತಿದ್ದಾನೆ ಎಂದುಕೊಂಡು ಮಲಗಿದೆ.

ಮೊರಿತಾ ಅವರ ಅಂಗಳ

ಊರ ಹೊರಗೆ ಹೋಗುವ ಚಿಕ್ಕ ರೈಲಿನಲ್ಲಿ ಯಾರೂ ಮಾತಾಡಲಿಲ್ಲ. ಬೀದರಿನಿಂದ ಹೈದರಾಬಾದಿಗೆ ಹೋಗುವ ಬಸ್ಸಿನಲ್ಲಿ ಒಬ್ಬರ ಮನೆಯ ಲಗ್ನದ ಮಾತುಕತೆ ಇಡೀ ಬಸ್ಸಿಗೆ ಗೊತ್ತಾಗಿ, ಇಳಿಯುವ ಹೊತ್ತಿಗೆ ನಾವೂ ಒಂದು ಸಲಹೆ ಕೊಟ್ಟಿರುತ್ತೇವೆ. ಇಲ್ಲಿ ನನ್ನ ಚೀಲದ ಜಿಪ್ಪಿನ ಸದ್ದಿಗೂ ನಾನೇ ಬೆಚ್ಚಿದೆ. ಕಿಟಕಿಯಾಚೆ ಮನೆಗಳ ಹಿತ್ತಲಲ್ಲಿ ಎಲೆಯಿಲ್ಲದ ಮರಗಳ ತುಂಬ ಕೆಂಪು ಹಳದಿ ಹಣ್ಣು. ಒಬ್ಬ ಹುಡುಗನೂ ಕಲ್ಲು ಎಸೆಯುತ್ತಿರಲಿಲ್ಲ. ಈ ಊರಿನ ಹುಡುಗರಿಗೆ ಏನೋ ಕಡಿಮೆಯಾಗಿದೆ ಎನಿಸಿತು.

ಅಂಗಳದಲ್ಲಿ ಕಾರುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಮೊರಿತಾ ಸ್ಯಾನ್, ಅಂದರೆ ಮೊರಿತಾ ಅವರು, ಅರವತ್ತು ದಾಟಿದ ಗಿಡ್ಡ ಮನುಷ್ಯ, ಕೊರಳಿಗೆ ಟವೆಲ್ಲು. ನಾನು ಹೋದಾಗ ಅವರು ಆಗ ತಾನೇ ಬಂದ ಬಿಳಿ ಕಾರೊಂದರ ನಾಲ್ಕೂ ಗಾಲಿಗಳ ಬಳಿ ಚಿಟಿಕೆ ಉಪ್ಪು ಇಟ್ಟು, ಚಿಕ್ಕ ಬಾಟಲಿಯಿಂದ ಅಕ್ಕಿಯ ಮದ್ಯ ಸುರಿಯುತ್ತಿದ್ದರು. ಮುಗಿಸಿ ಕೈ ಜೋಡಿಸಿದರು. ಬಿಚ್ಚುವ ಮುಂಚೆ ಹೀಗೆ ಮಾಡುತ್ತಾರಂತೆ. ಎಲ್ಲರೂ ಮಾಡುವುದಿಲ್ಲ, ನಮ್ಮ ಅಪ್ಪ ಮಾಡುತ್ತಿದ್ದ, ನಾನೂ ಮಾಡುತ್ತೇನೆ ಎಂದರು. ನಾವು ಗಾಡಿ ಬಂದ ದಿನ ಗಾಲಿಗೆ ನಿಂಬೆಹಣ್ಣು ಇಡುತ್ತೇವೆ. ಹೋಗುವ ದಿನ ಗುಜರಿಯವನಿಗೆ ಕೊಟ್ಟು ಬೆನ್ನು ತಿರುಗಿಸುತ್ತೇವೆ. ನನ್ನ ಅಪ್ಪನ ಹಳೆಯ ಸ್ಕೂಟರ್ ನೆನಪಾಗಿ ಸ್ವಲ್ಪ ನಾಚಿಕೆಯಾಯಿತು.

ಗಾರೆಯ ಚಕ್ರವನ್ನು ಅವರ ಕೈಗಿಟ್ಟೆ. ಅವರು ತಿರುಗಿಸಿ ನೋಡಿ, ತಲೆ ವಾಲಿಸಿ, "ಸ್ಸ್ಸ್..." ಎಂದರು. ಇಲ್ಲೂ ಇಲ್ಲವೆಂದುಕೊಂಡೆ. ಆದರೆ ಅವರು ಒಳಗೆ ಹೋಗಿ ಅಳತೆಯ ಕಡ್ಡಿ ತಂದು ಅಳೆಯತೊಡಗಿದರು. ಈ ಗಾರೆ ಗಟ್ಟಿಯಾಗುವಾಗ ಕೂದಲೆಳೆಯಷ್ಟು ಉಬ್ಬುತ್ತದೆ, ಅದನ್ನು ಕಳೆಯಬೇಕು ಎಂದೆ. ನಿಮಗೆ ಹೇಗೆ ಗೊತ್ತು ಎಂದರು. ನಾನು ಬಾಯಿ ತೆರೆದು ಹಲ್ಲಿಗೆ ಬೆರಳು ತೋರಿಸಿ ನನ್ನ ಕೆಲಸ ಹೇಳಿದೆ. ಅಸಲು ಚಕ್ರ ಎಲ್ಲಿ ಎಂದು ಕೇಳಿದಾಗ ವಿಮಾನ ನಿಲ್ದಾಣದ ಕತೆ ಹೇಳಿದೆ. ಅವರು ಟೋಪಿ ತೆಗೆದು ಹಿಡಿದುಕೊಂಡು ನಕ್ಕರು.

ಶೆಡ್ಡಿನಲ್ಲಿ ಗೇರುಪೆಟ್ಟಿಗೆಗಳ ಕಪಾಟುಗಳಿದ್ದವು. ಕಾಕಾನ ಪೆಟ್ಟಿಗೆಯ ನಂಬರಿನವೇ ಎರಡು ಸಿಕ್ಕವು. ನಂಬರು ಒಂದೇ, ಆದರೆ ಒಂದರೊಳಗಿನ ಮೂರನೇ ಗೇರಿಗೆ ಒಂದು ಹಲ್ಲು ಹೆಚ್ಚಂತೆ, ಕಂಪನಿಯವರು ನಡುವೆ ಬದಲಿಸಿದ್ದರಂತೆ. ಗಾರೆಯ ಚಕ್ರವಿಲ್ಲದಿದ್ದರೆ ಯಾವುದೆಂದು ಹೇಳಲು ಆಗುತ್ತಿರಲಿಲ್ಲ ಎಂದರು. "ಹಳೇದು ತಂದೀರೇನ್ರಿ" ಎನ್ನುವ ಬೀದರಿನ ಅಂಗಡಿಯವರಿಗೆಲ್ಲ ಅಲ್ಲಿಂದಲೇ ಮನಸ್ಸಿನಲ್ಲಿ ಕೈ ಮುಗಿದೆ.

ಆಮೇಲೆ ಜಗಳವಾಯಿತು. ಅಂದರೆ ನಾನು ಜಗಳವಾಡಿದೆ, ಅವರು ಸುಮ್ಮನೆ ನಿಂತಿದ್ದರು. ಚಕ್ರ ಒಂದನ್ನೇ ಕೊಡುವುದಿಲ್ಲ ಎಂಬುದು ಅವರ ಮಾತು. ಅಷ್ಟು ದೂರದಿಂದ ಬಂದಿದ್ದೇನೆ, ಇಡೀ ಪೆಟ್ಟಿಗೆ ಹೊತ್ತೊಯ್ಯಲು ನಾನೇನು ಹಮಾಲಿಯೇ ಎಂದು ನಾನು. ಅನುವಾದಕ ನನ್ನ ಸಿಟ್ಟನ್ನೆಲ್ಲ ಸೋಸಿ ಏನು ಹೇಳಿತೋ, ಅವರು ಬಗ್ಗಿ ನಮಸ್ಕರಿಸಿದರು. ನಂತರ ನನ್ನನ್ನು ಮೇಜಿನ ಬಳಿ ಕರೆದು, ಬಿಚ್ಚಿಟ್ಟಿದ್ದ ಬೇರೆ ಎರಡು ಚಕ್ರಗಳನ್ನು ತೋರಿಸಿದರು. ಒಂದರ ಹಲ್ಲುಗಳಿಗೆ ನೀಲಿ ಬಣ್ಣ ಸವರಿ ಇನ್ನೊಂದರ ಜೊತೆ ಕೂಡಿಸಿ ತಿರುಗಿಸಿದರು. ಎರಡನೆಯದರ ಹಲ್ಲಿನ ಮೇಲೆ ಎಲ್ಲೆಲ್ಲಿ ತಾಗಿತೋ ಅಲ್ಲೆಲ್ಲ ನೀಲಿ ಗುರುತು.

ನಾನು ಅಷ್ಟಕ್ಕೇ ಬಾಯಿ ಮುಚ್ಚಿದೆ. ಯಾಕೆಂದರೆ ದಿನಾ ನಾನು ಮಾಡುವುದೂ ಅದನ್ನೇ. ಹೊಸ ಹಲ್ಲು ಕೂಡಿಸಿದ ಮೇಲೆ ನೀಲಿ ಕಾಗದ ಕಚ್ಚಿಸಿ, ಮೇಲಿನದು ಕೆಳಗಿನದಕ್ಕೆ ಎಲ್ಲಿ ತಾಗುತ್ತದೆ ನೋಡುತ್ತೇನೆ. ವರ್ಷಗಟ್ಟಲೆ ಒಂದರ ಮೇಲೊಂದು ಸವೆದ ಹಲ್ಲುಗಳು ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ನಡುವೆ ಬೇರೆಯದನ್ನು ತುರುಕಿದರೆ ಪೇಷಂಟು ಮರುದಿನವೇ ಬಂದು ಬೈಯುತ್ತಾನೆ. ಗೇರಿನಲ್ಲೂ ಜೋಡಿಯಾಗಿ ಸವೆದದ್ದನ್ನು ಜೋಡಿಯಾಗಿಯೇ ಹಾಕಬೇಕು, ಅಗಲಿಸಿದರೆ ಅರಚುತ್ತದೆ, ಬೇಗ ಮುರಿಯುತ್ತದೆ. ನನ್ನ ಪರ್ಸಿನ ಮೂಲೆಯಲ್ಲಿ ಸದಾ ಇರುವ ನೀಲಿ ಕಾಗದದ ಪಟ್ಟಿ ತೆಗೆದು ಅವರಿಗೆ ತೋರಿಸಿದೆ. ಅವರು ಅದನ್ನು ಬೆರಳಿಗೆ ತಿಕ್ಕಿ ಬಣ್ಣ ನೋಡಿ, ಹೆಂಡತಿಯನ್ನು ಕೂಗಿ ಕರೆದರು. ನಾವು ಮೂವರೂ ನೀಲಿ ಬೆರಳು ಮಾಡಿಕೊಂಡು ನಗುತ್ತ ನಿಂತೆವು. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಪೆಟ್ಟಿಗೆ ಬಿಚ್ಚಿ ಜೋಡಿಯನ್ನು ತೆಗೆದುಕೊಡುತ್ತೇನೆ, ನಾಳೆ ಬನ್ನಿ ಎಂದರು.

ಅದೇ ಅಂಗಳ, ಮಳೆಯ ದಿನ

ಮರುದಿನ ಜಿಟಿಜಿಟಿ ಮಳೆ. ಮೊರಿತಾ ಸ್ಯಾನ್ ಶೆಡ್ಡಿನಲ್ಲಿ ಪೆಟ್ಟಿಗೆ ಬಿಚ್ಚುತ್ತಿದ್ದರು. ಅವರ ಬೆಕ್ಕು ಒಂದು ಕಾರಿನ ಬಾನೆಟ್ಟಿನ ಮೇಲೆ ಮಲಗಿತ್ತು, ನಮ್ಮ ಕಾರಿನ ಪಕ್ಕ ಕುರಿ ಮಲಗುವಂತೆ. ಮನೆಯೊಳಗೆ ಪಾಯಖಾನೆಗೆ ಹೋದಾಗ ನನ್ನಿಂದ ಒಂದು ತಪ್ಪಾಯಿತು. ಬಾಗಿಲಲ್ಲಿ ಚಪ್ಪಲಿ ಬಿಡುವ ದೇಶದವಳು ನಾನು, ಇವರಿಂದ ಕಲಿಯುವುದೇನಿದೆ ಎಂಬ ಠೇಂಕಾರವಿತ್ತು. ಪಾಯಖಾನೆಗೆಂದೇ ಬೇರೆ ಚಪ್ಪಲಿ ಇಟ್ಟಿದ್ದಾರೆಂದು ಗೊತ್ತಾಗದೆ ಅದನ್ನೇ ಮೆಟ್ಟಿಕೊಂಡು ಊಟದ ಕೋಣೆಗೆ ಬಂದು ಕೂತೆ. ಮೊರಿತಾ ಅವರ ಹೆಂಡತಿ ಏನೂ ಹೇಳದೆ ಬಗ್ಗಿ ನನ್ನ ಕಾಲಿನ ಮುಂದೆ ಬೇರೆ ಜೋಡಿ ಇಟ್ಟರು. ನಮ್ಮ ಕಾಕು ಆಗಿದ್ದರೆ ಓಣಿಗೆ ಕೇಳುವಂತೆ ಕೂಗುತ್ತಿದ್ದಳು.

ಮಧ್ಯಾಹ್ನ ಖಡಕ್ ರೊಟ್ಟಿ, ಚಟ್ನಿ ಬಿಚ್ಚಿದೆ. ಮೊರಿತಾ ಸ್ಯಾನ್ ರೊಟ್ಟಿಯ ಚೂರು ಕಟಕ್ ಎಂದು ಕಡಿದು, ತಮ್ಮ ಅಕ್ಕಿಯ ಗಟ್ಟಿ ಬಿಸ್ಕತ್ತಿನ ಹಾಗಿದೆ ಎಂದರು. ಚಟ್ನಿ ತಿಂದು ಟವೆಲ್ಲಿನಿಂದ ಹಣೆ ಒರೆಸಿಕೊಂಡು ಮತ್ತಷ್ಟು ಹಾಕಿಸಿಕೊಂಡರು. ಆಗ ಕೇಳಿದರು, ಈ ಕಾರು ಯಾರದು ಎಂದು.

ಹೇಳಿದೆ. ರ್‍ಯಾಲಿ, ಜನವಾಡ, ಕುರಿ, ಕಣ್ಣು, ಔರಾದಿನವರೆಗೆ ಒಂದೇ ಒಂದು ಸಲ. ಕಾಕಾನಿಗಾಗಿ ನನಗೆ ಇಷ್ಟು ದುಃಖವಿದೆಯೆಂದು ಅಷ್ಟು ದೂರ ಬಂದು ಮಳೆಯಲ್ಲಿ ಕೂತಾಗ ಗೊತ್ತಾಯಿತು. ಅವರು ಎದ್ದು ಹೋಗಿ ಮತ್ತೆ ಚಹಾ ತಂದಿಟ್ಟರು.

ಸಂಜೆ ಹೊತ್ತಿಗೆ ಎರಡು ಚಕ್ರಗಳು ತೊಳೆದು ಒರೆಸಿ ಮೇಜಿನ ಮೇಲಿದ್ದವು. ಒಂದನ್ನೊಂದು ಕೂಡಿಸಿ ಕೈಯಲ್ಲಿ ತಿರುಗಿಸಿದರು. ಸದ್ದೇ ಇಲ್ಲ. ಎಣ್ಣೆ ಕಾಗದದಲ್ಲಿ ಸುತ್ತುವಾಗ ಕಾಕಾನ ಧೋತರದ ತುಂಡು ಕೊಟ್ಟೆ, ಅದರಲ್ಲೇ ಕಟ್ಟಿದರು. ನನ್ನಿಂದ ಎರಡು ಮಾತು ತೆಗೆದುಕೊಂಡರು. ಗಾರೆಯ ಚಕ್ರವನ್ನು ಅವರಿಗೇ ಬಿಟ್ಟುಹೋಗಬೇಕು. ಗೇರು ಹಾಕಿದ ಮೇಲೆ ಮೂರನೇ ಗೇರಿನ ಸದ್ದನ್ನು ಮೊಬೈಲಿನಲ್ಲಿ ಹಿಡಿದು ಕಳಿಸಬೇಕು. ಸದ್ದು ಕೇಳಿದರೆ ಕೂಡಿದೆಯೋ ಇಲ್ಲವೋ ಹೇಳುತ್ತೇನೆ ಎಂದರು.

ಗಾರೆಯ ಚಕ್ರವನ್ನು ಅವರು ಲೆಕ್ಕದ ಮೇಜಿನ ಮೇಲೆ ಗಡಿಯಾರದ ಪಕ್ಕ ಇಟ್ಟುಕೊಂಡರು.

ಮತ್ತೆ ಜನವಾಡ

ವಾಪಸು ಬರುವಾಗ ಜೋಡಿಯನ್ನು ದೊಡ್ಡ ಪೆಟ್ಟಿಗೆಯಲ್ಲೇ ಹಾಕಿದ್ದೆ. ಒಮ್ಮೆ ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಹೈದರಾಬಾದಿನಿಂದ ನೇರ ಜನವಾಡಕ್ಕೆ ಹೋದೆ.

ಕಾಕಾ ಕಟ್ಟೆಯ ಮೇಲೆ ಕೂತಿದ್ದ. ಧೋತರದ ಗಂಟನ್ನು ಮಡಿಲಲ್ಲಿಟ್ಟೆ. ಬಿಚ್ಚಿದ. ಆದರೆ ನೋಡಲಿಲ್ಲ. ಮುಖ ಎತ್ತಿ ಎದುರಿಗಿದ್ದ ಬೇವಿನ ಮರದ ಕಡೆ ಹಿಡಿದು, ಬೆರಳುಗಳಿಂದ ಹಲ್ಲುಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದ. "ಜೋಡಿ ತಂದೀ. ಶಾಣ್ಯಾಕಿ" ಎಂದ.

ನಾನು ಒಳಗೆ ಹೋಗಿ ಕಾಕುವಿನ ಮುಂದೆ ನಿಂತೆ. ಅವಳು ಒಲೆಯ ಕಡೆ ನೋಡುತ್ತಲೇ ಹೇಳಿದಳು: "ನೀ ಹೋದ ಮರದಿನಾನೇ ಡಾಕ್ಟರ ಕಡಿ ಹೋಗಿದ್ವಿ. ಒಮ್ಮೆಲೆ ಭಾಳ ಕಮ್ಮಿ ಆಗ್ಯದ ಅಂದ್ರು. ಇನ್ಮ್ಯಾಲ ಸ್ಟೇರಿಂಗ ಮುಟ್ಟಂಗಿಲ್ಲ ಅಂತ ಅಂದ್ರು."

"ನನಗ ಯಾಕ ಹೇಳಲಿಲ್ರಿ ಕಾಕು? ದಿನಾ ಫೋನ್ ಮಾಡ್ತಿದ್ನಲ್ಲ!"

"ನಿಮ್ಮ ಕಾಕಾನೇ ಬ್ಯಾಡ ಅಂದ್ರವ್ವ. ಹೇಳಿದ್ರ ಅಕಿ ಬರೇ ಕೈಲೆ ಬರ್ತಾಳ ಅಂದ್ರು."

ನನಗೆ ಸಿಟ್ಟು ಬಂತು, ಅಳುವೂ ಬಂತು. ಎರಡೂ ಒಟ್ಟಿಗೆ ಬಂದರೆ ನಾನು ಏನಾದರೂ ತಿನ್ನುತ್ತೇನೆ. ಅಡಿಗೆಮನೆಯಲ್ಲೇ ನಿಂತು ಬಿಸಿ ರೊಟ್ಟಿ ತಿಂದೆ. ಹೊರಗೆ ಕಾಕಾ ಫೋನಿನಲ್ಲಿ ಮಹೆಬೂಬ ಭಾಯಿಗೆ, "ಬಂದದರಿ ಸಾಮಾನ. ಲಗೂ ಕೂಡಸ್ರಿ" ಎನ್ನುತ್ತಿದ್ದ.

ಬೀದರ–ಔರಾದ ರಸ್ತೆ

ಭಾನುವಾರ ಬೆಳಿಗ್ಗೆ ಮಹೆಬೂಬ ಭಾಯಿಯ ಗ್ಯಾರೇಜಿನಿಂದ ಕಾರು ಹೊರಬಂತು. ಗಾಲಿಗೆ ನಿಂಬೆಹಣ್ಣು ಇಟ್ಟರು. ನಾನು ಅದರ ಪಕ್ಕ ಚಿಟಿಕೆ ಉಪ್ಪೂ ಇಟ್ಟೆ. ಯಾಕೆಂದು ಮಹೆಬೂಬ ಭಾಯಿ ಕೇಳಿದರು. ಇನ್ನೊಂದು ಊರಿನ ಪದ್ಧತಿ ಎಂದೆ.

ಕಾಕಾ ಕಾರಿನ ಸುತ್ತ ಬಂದು, ಬಾನೆಟ್ಟು ಸವರಿ, ಎಡಗಡೆಯ ಬಾಗಿಲು ತೆಗೆದು ಕೂತ. ಇಷ್ಟು ವರ್ಷ ನಾನು ಕೂತ ಜಾಗ ಅದು. ಚಾವಿ ನನ್ನ ಕೈಯಲ್ಲಿತ್ತು. ಮೊಬೈಲನ್ನು ರೆಕಾರ್ಡಿಗೆ ಹಾಕಿ ಮುಂದಿಟ್ಟೆ, ಮೊರಿತಾ ಅವರಿಗೆ ಕಳಿಸಬೇಕಲ್ಲ.

"ನಡಿ," ಎಂದ ಕಾಕಾ. "ದಾರಿ ನಾ ಓದ್ತೇನಿ."

ಓದಿದ. ಕಣ್ಣು ಮುಚ್ಚಿ ಓದಿದ. ಊರು ದಾಟುವ ಇಳುಕಲು, ಎಡಕ್ಕೆ ಜಾಗ ಬಿಡಬೇಕಾದಲ್ಲಿ ಎಡಕ್ಕೆ, ಮಾಂಜ್ರಾದ ಸೇತುವೆಗೆ ಮುಂಚೆ ಬ್ರೇಕು. ಗಾಳಿಯಲ್ಲಿ ನೀರಿನ ವಾಸನೆ ಬಂದಾಗ "ಹೊಳಿ ಬಂತು" ಎಂದ. ನಾನು ಎಲ್ಲದಕ್ಕೂ "ಹೌದ್ರಿ, ಹೌದ್ರಿ" ಎನ್ನುವಾಗ, ಹಿಂದೆ ನಾನು ದಾರಿ ಓದಿದಾಗ ಆತ "ಹೌದವ್ವ, ಹೌದವ್ವ" ಎನ್ನುತ್ತಿದ್ದದ್ದು ನೆನಪಾಯಿತು.

ಜನವಾಡ ದಾಟಿದ ಮೇಲೆ ಆತ ಸೀಟಿನಲ್ಲಿ ಮುಂದಕ್ಕೆ ಸರಿದ. "ಹುಣಸಿಮರದ ತಿರುವು. ಬಲಕ್ಕ. ಜೋರ ಅದ. ಮೂರನೇ ಗೇರು!"

ಮುಂದೆ ತಿರುವು ಇರಲಿಲ್ಲ. ರಸ್ತೆ ಅಗಲ ಮಾಡಿದಾಗ ಹುಣಸೆಮರ ಕಡಿದು ತಿರುವನ್ನು ನೆಟ್ಟಗೆ ಎಳೆದಿದ್ದಾರೆ. ಕಣ್ಣು ಹಾಯುವವರೆಗೆ ಡಾಂಬರು, ಎರಡೂ ಕಡೆ ತೊಗರಿಯ ಹೊಲ. ಕ್ಲಚ್ ಒತ್ತಿ, ನಾಲ್ಕರಿಂದ ಮೂರಕ್ಕೆ ಇಳಿಸಿ, ಇಲ್ಲದ ತಿರುವಿಗೆ ಸ್ಟೀರಿಂಗನ್ನು ತುಸು ಬಲಕ್ಕೆ ಎಳೆದೆ. ಕಾರು ಖಾಲಿ ರಸ್ತೆಯಲ್ಲಿ ಬಲಕ್ಕೆ ವಾಲಿತು. ಮೂರನೇ ಗೇರು ಅರಚಲಿಲ್ಲ, ಕಿರುಗುಟ್ಟಲಿಲ್ಲ. ಇಂಜಿನ್ನಿನ ದನಿ ತುಂಬಿಕೊಂಡು ಒಂದೇ ಸಮನೆ ಏರಿತು. ಜಪಾನಿನಲ್ಲಿ ಯಾರನ್ನೋ ಹೊತ್ತು ವರ್ಷಗಟ್ಟಲೆ ಸವೆದ ಎರಡು ಚಕ್ರಗಳು ತೊಗರಿ ಹೊಲಗಳ ನಡುವೆ ಒಂದನ್ನೊಂದು ಹಿಡಿದುಕೊಂಡು ಓಡಿದವು.

ಕಾಕಾ ತಲೆ ಹಿಂದಕ್ಕೆ ಆನಿಸಿದ. ಸ್ವಲ್ಪ ದೂರ ಹೋದ ಮೇಲೆ ಹೇಳಿದ: "ರಸ್ತಾ ನೆಟ್ಟಗ ಮಾಡ್ಯಾರಂತ ನನಗ ಗೊತ್ತದವ್ವ. ಮೂರನೇದರ ಆವಾಜ ಕೇಳಬೇಕಾಗಿತ್ತು."

ನನಗೆ ನಗು ಬಂತು. ಕಣ್ಣು ಮಂಜಾದದ್ದರಿಂದ ವೇಗ ಕಡಿಮೆ ಮಾಡಿ ಮತ್ತೆ ನಾಲ್ಕಕ್ಕೆ ಹಾಕಿದೆ. ಔರಾದ ಇನ್ನೂ ದೂರವಿತ್ತು. ರಸ್ತೆ ಗೆರೆ ಎಳೆದ ಹಾಗೆ ನೆಟ್ಟಗಿತ್ತು.

"ಮುಂದ ಎಡಕ್ಕ ಇನ್ನೊಂದು ತಿರುವದ ನೋಡು," ಎಂದ ಕಾಕಾ.

"ಹೌದ್ರಿ ಕಾಕಾ, ಕಾಣ್ಸಲತದ" ಎಂದು ನಾನು ಮತ್ತೆ ಮೂರಕ್ಕೆ ಇಳಿಸಿದೆ.